ಲಗ್ನಪತ್ರಿಕೆ ಮಾಡಿಸಕ್ಕೆ ಹೋಗಿ

"ಆಹ್ವಾನಿಸುವವರು ಅನ್ನೋ ಕಡೆ ಯಾರ ಹೆಸರು ಹಾಕ್ಲಿ ಅಮ್ಮಾ?" ಅಂತ ಅಂಗಡಿಯವರು ಕೇಳಿದ್ರು. ಅದೇ ಅವರು ಮಾಡಿದ ತಪ್ಪು. ಅಲ್ಲಿವರೆಗೂ ಎಲ್ಲಾ ಚೆನ್ನಾಗೇ ನಡೀತಿತ್ತು.

ನನ್ನ ತಂಗಿ ಮಗಳು ಪುಟ್ಟಿ ಮದುವೆ ನಿಶ್ಚಯ ಆಗಿರೋದು ನಿಮಗೆಲ್ಲ ಗೊತ್ತೇ ಇದೆ. ಲಗ್ನಪತ್ರಿಕೆ ಅಂದ್ರೆ ನಮ್ಮ ಕಡೆಯವರಿಗೆ ಸುಲ್ತಾನ್‌ಪೇಟೆನೇ. ಫೋನಲ್ಲೇ ಕಳಿಸೋ ಕಾಲ ಇದು, ಆದ್ರೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಡಕ್ಕೆ ಕಾಗದದ ಪತ್ರಿಕೆ ಬೇಕಲ್ಲ. ನಾನು ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿದೆ. ಮಾರ್ಕೆಟ್ ಆದ್ಮೇಲೆ ಚಿಕ್ಕಪೇಟೆ, ಎರಡೇ ಸ್ಟಾಪು. ಅಣ್ಣ, ನಮ್ಮ ಸೋದರತ್ತೆನ ಕೂರಿಸ್ಕೊಂಡು ಆಟೋದಲ್ಲಿ ಬಂದ, ಆ ತಳ್ಳುಗಾಡಿಗಳ ಮಧ್ಯೆ ಸಿಕ್ಕಾಕ್ಕೊಂಡು ನನಗಿಂತ ಅರ್ಧ ಗಂಟೆ ತಡವಾಗಿ. ಅತ್ತೆಗೆ ಎಪ್ಪತ್ತೆಂಟು. "ಕಾರ್ಡು ನಾನೇ ಆರಿಸ್ತೀನಿ" ಅಂತ ಹಟ ಹಿಡಿದು ಬಂದಿದ್ರು. ತಂಗಿಗೆ ಆಫೀಸಲ್ಲಿ ರಜ ಸಿಕ್ಕಿರಲಿಲ್ಲ, ಮಧ್ಯಾಹ್ನ ಬರ್ತೀನಿ ಅಂದಿದ್ಲು.

ಅಣ್ಣ ಮನೇಲೇ ಬರ್ಕೊಂಡು ಬಂದಿದ್ದ ಚೀಟಿ ತೆಗೆದ. ಆಹ್ವಾನಿಸುವವರು ಅನ್ನೋ ಕಡೆ ಅವನದು, ಅತ್ತಿಗೆದು ಹೆಸರು. ತಂಗಿ ಗಂಡನ ಹೆಸರು 'ದಿವಂಗತ' ಅಂತ ಸೇರಿಸಿ 'ಇವರ ಪುತ್ರಿ' ಅನ್ನೋ ಸಾಲಲ್ಲಿ. ತಂಗಿ ಹೆಸರು ಎಲ್ಲೂ ಇಲ್ಲ. ಹದಿಮೂರು ವರ್ಷ ಒಬ್ಬಳೇ ಬೆಳೆಸಿದ್ದಾಳೆ ಆ ಹುಡುಗೀನ. ನಾನು ಕೇಳಿದೆ, "ಅವಳ ಹೆಸರೆಲ್ಲಿ ಅಣ್ಣಾ?"

"ನಮ್ಮಲ್ಲಿ ಆ ಪದ್ಧತಿ ಇಲ್ಲ ಕಣೆ."

"ಯಾಕಿಲ್ಲ?"

"ಶುಭಕಾರ್ಯದ ಪತ್ರಿಕೆ, ಹಾಕಬಾರದು."

"ಯಾಕೆ ಹಾಕಬಾರದು?"

"ಪದ್ಧತಿ ಇಲ್ಲ ಅಂದ್ನಲ್ಲ!"

ಗಾಣದೆತ್ತು ಸುತ್ತಿದ ಹಾಗೆ ಹೊರಟ ಜಾಗಕ್ಕೇ ಬಂದು ನಿಂತ. ನನಗೆ ನಮ್ಮ ತಾತ ನೆನಪಾದ್ರು. ಚಾಮರಾಜಪೇಟೆ ಸಂಸ್ಕೃತ ಕಾಲೇಜಲ್ಲಿ ನ್ಯಾಯಶಾಸ್ತ್ರ ಓದಿದ್ದೋರು ಅವರು. ನ್ಯಾಯ ಅಂದ್ರೆ ಕೋರ್ಟಿಂದಲ್ಲ, ತರ್ಕದ್ದು. ನಾವು ಮಕ್ಕಳು ಜಗಳ ಆಡಿದ್ರೆ ಬೈತಿರಲಿಲ್ಲ, ಯಾರ ಮಾತಲ್ಲಿ ಏನು ದೋಷ ಅಂತ ಹೆಸರಿಟ್ಟು ಹೇಳೋರು. ಸರಿಯಾದ ಕಾರಣದ ಹಾಗೆ ಕಾಣತ್ತೆ, ಆದ್ರೆ ಕಾರಣ ಅಲ್ಲ, ಅಂಥದ್ದಕ್ಕೆ ಹೇತ್ವಾಭಾಸ ಅಂತ ಹೆಸರು. ಗೌತಮರ ನ್ಯಾಯಸೂತ್ರದಲ್ಲಿ ಅದು ಐದು ಥರ ಅಂತ ಹೇಳಿದೆ. ಅದರಲ್ಲೊಂದು ಸಾಧ್ಯಸಮ. ಯಾವುದನ್ನ ತೋರಿಸಬೇಕೋ ಅದು ಎಷ್ಟು ಅನುಮಾನವೋ, ಕೊಟ್ಟ ಕಾರಣನೂ ಅಷ್ಟೇ ಅನುಮಾನ. ಅಣ್ಣ ಹೇಳಿದ್ದು ಹೆಚ್ಚುಕಮ್ಮಿ ಇದೇ ಜಾತಿದು. ಅಂಗಡೀಲಿ ಇದನ್ನೆಲ್ಲ ಹೇಳಕ್ಕಾಗತ್ತಾ? ಸುಮ್ಮನೆ ಒಂದು ಕಾರ್ಡು ತಿರುವಿ ಹಾಕಿದೆ.

ಆಗ ಅತ್ತೆ ಬಾಯಿ ಬಿಟ್ರು. ಅವರ ಎದುರು ಮನೇಲಿ ಹೀಗೇ ಗಂಡ ಹೋದ ತಾಯಿ ಹೆಸರು ಮೇಲೆ ಹಾಕ್ಸಿದ್ರಂತೆ, ಆ ಹುಡುಗಿ ಆರು ತಿಂಗಳಿಗೆ ಗಂಡನ್ನ ಬಿಟ್ಟು ಬಂದ್ಲಂತೆ. "ಕಣ್ಣಾರೆ ಕಂಡಿದೀನಿ. ಇನ್ನೇನು ಬೇಕು ನಿನಗೆ?"

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಅಂತ ನಾವೇ ದಿನಾ ಅಂತೀವಿ. ಸಂಸ್ಕೃತದಲ್ಲಿ ಕಾಕತಾಳೀಯ ಅಂತಾರೆ, ಅಲ್ಲಿ ಕಾಗೆ ಕೂತು ತಾಳೆಹಣ್ಣು ಬೀಳತ್ತೆ, ಅಷ್ಟೇ ವ್ಯತ್ಯಾಸ. ಆದ್ರೆ ನಮ್ಮ ಮನೇಲೇ ಕಾಗೆ ಕೂತಾಗ ಗಾದೆ ನೆನಪಾಗಲ್ಲ. ಸೊಸೆ ಬಂದ ತಿಂಗಳಿಗೆ ಮಾವನಿಗೆ ಎದೆನೋವು ಬಂದ್ರೆ ಅವಳ ಕಾಲ್ಗುಣ, ಅವರು ಮೂವತ್ತು ವರ್ಷ ಸೇದಿದ ಸಿಗರೇಟಿಗೆ ಯಾವ ಗುಣನೂ ಇಲ್ಲ! ಅತ್ತೆಗೆ ಕೇಳಿದೆ, "ಅಪ್ಪ ಅಮ್ಮ ಇಬ್ಬರ ಹೆಸರೂ ಇದ್ದು ಮುರಿದುಹೋದ ಮದುವೆ ಎಷ್ಟು ನೋಡಿದೀರಿ?" ಅವರು ಬೆರಳು ಮಡಚಕ್ಕೆ ಶುರು ಮಾಡಿದ್ರು, ನಾಲ್ಕಕ್ಕೆ ನಿಲ್ಲಿಸಿ, "ಅವರದ್ದು ಜಾತಕ ಸರಿ ಇರಲಿಲ್ಲ" ಅಂದ್ರು.

ಇದನ್ನ ನಾನು ಚಿಕ್ಕೋಳಿದ್ದಾಗ್ಲೇ ಒಂದು ಸಲ ನೋಡಿದ್ದೆ. 1980ರ ಫೆಬ್ರವರಿ 16, ದೊಡ್ಡ ಸೂರ್ಯಗ್ರಹಣ. ನಮ್ಮೂರಲ್ಲಿ ಪೂರ್ತಿ ಹಿಡೀಲಿಲ್ಲ, ಆದ್ರೂ ಬೀದಿ ಕರ್ಫ್ಯೂ ಥರ ಖಾಲಿ. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ ನಮ್ಮನ್ನ ನಡುಮನೇಲಿ ಕೂಡಿಹಾಕಿದ್ರು. ಮಾರನೇ ದಿನ ಇದೇ ಅತ್ತೆ, "ನೋಡ್ರೇ, ಒಳಗಿದ್ರಿ, ಯಾರಿಗೂ ಏನೂ ಆಗಲಿಲ್ಲ" ಅಂದ್ರು. ಹುಬ್ಬಳ್ಳಿ, ರಾಯಚೂರು ಕಡೆ ಪೂರ್ಣಗ್ರಹಣ ನೋಡಕ್ಕೆ ಅಂತ ದೂರದೂರದಿಂದ ವಿಜ್ಞಾನಿಗಳು ಬಂದು ಬಯಲಲ್ಲೇ ನಿಂತಿದ್ರು. ಗ್ರಹಣ ತಾಕಿ ಅವರಿಗೂ ಏನೂ ಆಗಲಿಲ್ಲ. ಆದ್ರೆ ಅವರು ಅತ್ತೆ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಬಸವನಗುಡಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಜೀವನಪೂರ್ತಿ ತಲೆ ಚಚ್ಚಿಕೊಂಡಿದ್ದು ಇದಕ್ಕೇ ಅಲ್ವೇ? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡಕ್ಕೆ ಒಂದು ಸಮಿತಿನೇ ಮಾಡಿದ್ರು. ಪರೀಕ್ಷೆ ಮಾಡಿ ಆಮೇಲೆ ನಂಬಿ ಅನ್ನೋದಷ್ಟೇ. ಅದಕ್ಕೇ ಎಷ್ಟು ಗಲಾಟೆ ಆಯ್ತು.

ಅಂಗಡೀಗೆ ವಾಪಸ್ ಬರ್ತೀನಿ. ಕಾಫಿ ತರಿಸಿದ್ರು ಪಾಪ, ವ್ಯಾಪಾರ ಕೈತಪ್ಪತ್ತೇನೋ ಅಂತ.

ಅಣ್ಣ ಹೇಳಿದ, "ಇವತ್ತು ಹೆಸರು ಹಾಕು ಅಂತೀಯ. ನಾಳೆ ಹಸೆಮಣೆ ಪಕ್ಕ ಅವಳೇ ಕೂರಲಿ ಅಂತೀಯ. ನಾಡಿದ್ದು ಪುರೋಹಿತರೇ ಬೇಡ ಅಂತೀಯ." ಹೆಸರು ಹಾಕೋದಕ್ಕೂ ಪುರೋಹಿತರಿಗೂ ಎಲ್ಲಿಂದೆಲ್ಲಿಗೆ? ಮಧ್ಯದ ಮೆಟ್ಟಿಲೆಲ್ಲ ಅವನೇ ಕಟ್ಟಿ, ನನ್ನನ್ನ ಮೇಲಿಂದ ಉರುಳಿಸಿಬಿಟ್ಟ. ನಾನು ಹಾಗಂದೆನಾ ಅಂದ್ರೆ, ಅತ್ತೆ, "ಒಟ್ನಲ್ಲಿ ನಿನಗೆ ಶಾಸ್ತ್ರ ಸಂಪ್ರದಾಯ ಏನೂ ಬೇಡ" ಅಂದ್ರು. ನಾನು ಆಡಿದ ಮಾತು ಪಕ್ಕಕ್ಕಿಟ್ಟು, ಆಡದೇ ಇರೋ ಮಾತನ್ನ ಹಿಡ್ಕೊಂಡು ಹೊಡೆಯೋದು. ಇದಕ್ಕೂ ತಾತ ಒಂದು ಹೆಸರು ಹೇಳೋರು, ಛಲ ಅಂತ. ನಮ್ಮ ಹಟದ ಛಲ ಅಲ್ಲ, ಮಾತನ್ನ ತಿರುಚೋ ಛಲ. ಅದಕ್ಕೊಂದು ಹಳೇ ಉದಾಹರಣೆ: ಈ ಹುಡುಗನ ಹತ್ರ ನವಕಂಬಳಿ ಇದೆ ಅಂದ್ರೆ, ಹೊಸ ಕಂಬಳಿ ಅಂತ ಗೊತ್ತಿದ್ದೂ, "ಒಂಬತ್ತು ಎಲ್ಲಿದೆ? ಒಂದೇ ಇರೋದು!" ಅನ್ನೋದು. ನಮ್ಮ ಮನೆ ಮಕ್ಕಳು ದಿನಕ್ಕೆ ಹತ್ತು ಸಲ ಮಾಡ್ತಾವೆ.

ಅಷ್ಟರಲ್ಲಿ ಅಣ್ಣ ಇನ್ನೊಂದು ಮಾತಂದ. "ನಿನ್ನ ಮಗಳು ರಿಜಿಸ್ಟರ್ ಆಫೀಸಲ್ಲಿ ಮದುವೆ ಆದೋಳು. ಪತ್ರಿಕೆ ವಿಷಯ ನಿನಗೇನು ಗೊತ್ತು?"

ಇದು ವಾದ ಅಲ್ಲ, ವಾದ ಮಾಡೋರ ಮೇಲೆ ಕಲ್ಲು ಅಂತ ಯಾರು ಬೇಕಾದ್ರೂ ಹೇಳಬಹುದು. ನನ್ನ ಮಗಳ ಮದುವೆ ಹೇಗಾದ್ರೂ ಆಗಿರಲಿ, ತಂಗಿ ಹೆಸರು ಹಾಕೋದು ಸರಿನೋ ತಪ್ಪೋ ಅನ್ನೋದಕ್ಕೆ ಅದರಿಂದ ಒಂದು ಸಾಸಿವೆಯಷ್ಟೂ ಪ್ರಯೋಜನ ಇಲ್ಲ. ಗೊತ್ತು. ಗೊತ್ತಿದ್ರೂ ಗಂಟಲು ಕಟ್ಟಿತು. ಅಂಗಡಿ ಹುಡುಗ ಬೇರೆ ಕಡೆ ನೋಡಿದ. ನಾನೇನು ಮಾಡಿದೆ ಗೊತ್ತಾ? ಅದೇ ಕಲ್ಲನ್ನ ಎತ್ತಿ ವಾಪಸ್ ಹೊಡೆದೆ. "ನಿನಗೆ ನಿನ್ನ ಹೆಸರು ಮೇಲೆ ಬರಬೇಕು, ಅಷ್ಟೇ ತಾನೇ?" ಅಂದೆ.

ಅವನು ಮುಖ ಕೆಳಗೆ ಹಾಕಿದ. ಪುಟ್ಟಿ ಹೈಸ್ಕೂಲಿಂದ ಇಂಜಿನಿಯರಿಂಗ್‌ವರೆಗೂ ಫೀಸು ಕಟ್ಟಿದ್ದು ಇವನೇ. ಒಂದು ದಿನ ಯಾರ ಹತ್ರನೂ ಹೇಳ್ಕೊಂಡಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದ, "ಬೀಗರು ಏನಾದ್ರೂ ಅಂದ್ರೆ? ಮಗು ಹೋಗಿ ಬಾಳಬೇಕಾದ ಮನೆ ಅದು." ಪದ್ಧತಿ, ಶುಭ, ಪುರೋಹಿತರು ಎಲ್ಲಾ ಹಿಂದಕ್ಕೆ ಸರಿದು ನಿಜವಾದ ಕಾರಣ ಆಚೆ ಬಂದಿದ್ದು ಆಗ. ಭಯ. ಅದು ದೋಷ ಅಲ್ಲ, ಕೇಳಿ ತಿಳ್ಕೋಬಹುದಾದ ವಿಷಯ. ಪುಟ್ಟಿಗೆ ಫೋನ್ ಮಾಡಿದ್ವಿ, ಅವಳು ಹುಡುಗನಿಗೆ ಮಾಡಿದ್ಲು, ಅವನು ಅವರಮ್ಮನ್ನ ಕೇಳಿದ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಮನೆ ಪತ್ರಿಕೆ, ನಿಮ್ಮಿಷ್ಟ." ಅದನ್ನ ನಾನು ಒಪ್ಪಿಗೆ ಅಂದ್ಕೊಂಡೆ. ಅಣ್ಣ ಮುನಿಸು ಅಂದ್ಕೊಂಡ. ನಾಲ್ಕೇ ಮಾತು, ನೋಡಿ!

ಅತ್ತೆ ಇಷ್ಟೂ ಹೊತ್ತು ಕಾರ್ಡು ಮುಟ್ಟಿ ಮುಟ್ಟಿ ನೋಡ್ತಿದ್ರು. ತಲೆ ಎತ್ತಿ, "ಸರಿ ಕಣೆ. ನಾನಂದಿದ್ದೂ ತಪ್ಪು, ನಿಮ್ಮಣ್ಣ ಅಂದಿದ್ದೂ ತಪ್ಪು. ಹಾಗಂತ ನಿನ್ನದು ಸರಿ ಹೇಗಾಯ್ತು? ಬಂದಾಗಿಂದ ನಮ್ಮಿಬ್ಬರದ್ದು ಕೆಡವಿದ್ದೇ ಕೆಡವಿದ್ದು. ಯಾಕೆ ಹಾಕಬೇಕು ಅಂತ ನೀನೊಂದು ಮಾತು ಹೇಳಿದ್ಯಾ?" ಅಂದ್ರು.

ಎಪ್ಪತ್ತೆಂಟು ವರ್ಷ, ಮಿಡ್ಲ್ ಸ್ಕೂಲ್ ಓದಿದ ಹೆಂಗಸು. ತಾತನ ಮಗಳಲ್ವೇ? ಒಬ್ಬ ತನ್ನ ಪಕ್ಷ ಏನೂಂತ ಇಡದೇ ಎದುರಿನವರದ್ದನ್ನ ಬರೀ ಖಂಡಿಸ್ತಾ ಹೋದ್ರೆ, ಅದಕ್ಕೇ ನ್ಯಾಯಸೂತ್ರದಲ್ಲಿ ವಿತಂಡ ಅನ್ನೋದು. ವಿತಂಡವಾದ ಮಾಡಬೇಡ ಅಂತ ಮಕ್ಕಳಿಗೆ ಬೈತೀವಲ್ಲ, ಆ ಮಾತು ಬಂದಿದ್ದು ಅಲ್ಲಿಂದ. ಒಂದು ಗಂಟೆಯಿಂದ ನಾನು ಮಾಡ್ತಿದ್ದಿದ್ದು ಅದೇ. ಅವರ ಕಾರಣಗಳು ಸರಿಯಿಲ್ಲ ಅಂದ ಮಾತ್ರಕ್ಕೆ ನನ್ನ ತೀರ್ಮಾನ ಸರಿ ಆಗಿಬಿಡಲ್ಲ.

ಹಾಗಾದ್ರೆ ಹೇಗೆ ಹೇಳಬೇಕು? ತಾತ ಯಾವಾಗ್ಲೂ ಕೊಡ್ತಿದ್ದ ಉದಾಹರಣೆ: ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಕಾಣ್ತಿದೆ. ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೇಲಿ ಇರೋ ಹಾಗೆ. ನನಗೆ ಇದು ತುಂಬಾ ಇಷ್ಟ. ಅಷ್ಟು ದೊಡ್ಡ ಶಾಸ್ತ್ರಕ್ಕೆ ಕೊನೆಗೆ ಸಾಕ್ಷಿ ನಿಲ್ಲೋದು ನಮ್ಮ ಅಡುಗೆಮನೆ! ಆದ್ರೆ ತಿರುಗಿಸಿ, ಬೆಂಕಿ ಇದೆ ಹಾಗಾಗಿ ಹೊಗೆ ಇದೆ ಅನ್ನಕ್ಕಾಗಲ್ಲ. ಕಾದ ಕಬ್ಬಿಣದ ಗುಂಡಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ ಅಂತ ಅವರೇ ಕೇಳ್ತಾರೆ. ಗ್ಯಾಸ್ ಒಲೆ ಬಂದ್ಮೇಲೆ ನಮಗೆ ಗುಂಡಿನ ತನಕನೂ ಹೋಗಬೇಕಾಗಿಲ್ಲ. ಹಾಗೇ 'ಎಲ್ಲೆಲ್ಲಿ ಗಂಡ ಹೋದವಳೋ ಅಲ್ಲೆಲ್ಲ ಅಶುಭ' ಅನ್ನಬೇಕಾದ್ರೂ ಎಲ್ಲೆಲ್ಲಿ ಅನ್ನೋದನ್ನ ತೋರಿಸಬೇಕು, ಒಂದೇ ಒಂದು ಕಡೆ ತಪ್ಪಿದ್ರೂ ಅದು ಬಿತ್ತು. ಅತ್ತೆ ನಮ್ಮನ್ನ ಚಿಕ್ಕಂದಿನಲ್ಲಿ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದಿದ್ದು ಚಾಮರಾಜಪೇಟೆ ಮಕ್ಕಳ ಕೂಟಕ್ಕೆ. ಅದನ್ನ ಕಟ್ಟಿದ ಆರ್. ಕಲ್ಯಾಣಮ್ಮನವರು ಬಾಲವಿಧವೆ. ಸರಸ್ವತಿ ಅಂತ ಹೆಂಗಸರ ಪತ್ರಿಕೆ ನಡೆಸಿದೋರೂ ಅವರೇ. ಆ ಕೂಟದಲ್ಲಿ ಆಡಿ ಬೆಳೆದ ಮಕ್ಕಳು ಎಷ್ಟು ಮಂದಿ!

ಅತ್ತೆಗೆ ಇಷ್ಟು ಹೇಳಿದೆ: "ಆಹ್ವಾನಿಸುವವರು ಅಂದ್ರೆ ಕರೆಯೋರು. ಈ ಮದುವೆಗೆ ಕರೀತಿರೋದು ಯಾರು? ಛತ್ರ ಗೊತ್ತು ಮಾಡಿದ್ದು ಅವಳು, ಸೀರೆ ತಂದಿದ್ದು ಅವಳು, ಮನೆಮನೆಗೆ ಹೋಗಿ ಬನ್ನಿ ಅನ್ನೋಳು ಅವಳು. ಕರೆಯೋರ ಹೆಸರು ಕರೆಯೋಲೆ ಮೇಲೆ ಇರಬೇಕು. ಅಷ್ಟೇ ನನ್ನ ಕಾರಣ."

ಅತ್ತೆ ಉತ್ತರ ಕೊಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಹೇಳಿದ್ರು, "ನನ್ನ ಮೂರು ಮಕ್ಕಳ ಮದುವೇಲೂ ನನ್ನ ಹೆಸರು ಹಾಕಲಿಲ್ಲ. ಧಾರೆ ಹೊತ್ತಲ್ಲಿ ಉಗ್ರಾಣದಲ್ಲಿ ಕೂತು ತೆಂಗಿನಕಾಯಿ ಎಣಿಸ್ತಿದ್ದೆ. ಓಲಗ ಕೇಳಿಸ್ತು. ಈಗ ನೀನು ಅದೆಲ್ಲ ಏನೂ ಇಲ್ಲ, ಸುಮ್ಮನೆ ಅಂತೀಯ. ಸುಮ್ಮನೇನಾ?"

ಇದಕ್ಕೆ ತಾತನ ಪುಸ್ತಕದಲ್ಲಿ ಯಾವ ಹೆಸರಿದೆಯೋ, ನಾನು ಹುಡುಕಕ್ಕೆ ಹೋಗಲಿಲ್ಲ. ಅವರ ಪಕ್ಕ ಸ್ಟೂಲ್ ಎಳ್ಕೊಂಡು ಕೂತೆ. ಅಣ್ಣನೂ ಮಾತಾಡಲಿಲ್ಲ.

ತಂಗಿ ಬಂದಾಗ ಎರಡೂವರೆ. ಬೆವರು ಒರೆಸ್ಕೊಂಡು, ಹೆಗಲಲ್ಲಿ ಊಟದ ಡಬ್ಬಿ ಬ್ಯಾಗು ಹಾಗೇ ಇತ್ತು. ನಮ್ಮ ಮುಖಗಳನ್ನ ಒಂದು ಸುತ್ತು ನೋಡಿದ್ಲು. ಏನೂ ಕೇಳಲಿಲ್ಲ. ಅಣ್ಣನ ಚೀಟಿ ತಗೊಂಡು ಓದಿದ್ಲು, ಅವನ ಜೇಬಿಂದ ಪೆನ್ನು ತೆಗೆದು ಅವನ ಹೆಸರಿನ ಮೇಲೆ ತನ್ನ ಹೆಸರು ಬರೆದ್ಲು, ಪಕ್ಕದಲ್ಲಿ 'ಹಾಗೂ' ಅಂತ ಸೇರಿಸಿದ್ಲು. ಆಮೇಲೆ, "ಅಣ್ಣಾ, ಮುಹೂರ್ತ ಒಂಬತ್ತೂ ಇಪ್ಪತ್ತಕ್ಕಲ್ವಾ? ನೀನು ಹತ್ತೂ ಇಪ್ಪತ್ತು ಅಂತ ಬರೆದಿದೀಯ" ಅಂದ್ಲು. ಅಣ್ಣ ಕನ್ನಡಕ ಹಾಕ್ಕೊಂಡು ನೋಡಿ, ಹೌದಲ್ಲ ಅಂದ. ನಾವು ಮೂವರೂ ಅಷ್ಟು ಹೊತ್ತಿಂದ ಅದೇ ಚೀಟಿ ಹಿಡ್ಕೊಂಡು ಕಿತ್ತಾಡ್ತಿದ್ವಿ, ಒಬ್ಬರೂ ಅದನ್ನ ಗಮನಿಸಿರಲಿಲ್ಲ.

ಅಂಗಡಿಯವರು ಕಂಪ್ಯೂಟರಲ್ಲಿ ಜೋಡಿಸಿ ಒಂದು ಪ್ರೂಫ್ ತೆಗೆದು ಕೊಟ್ರು. ಒಂದು ಸಾಲು ಜಾಸ್ತಿ ಆಯ್ತಲ್ಲ, ಅಕ್ಷರ ಸ್ವಲ್ಪ ಚಿಕ್ಕದು ಮಾಡಿದೀನಿ ಅಂದ್ರು. ಅತ್ತೆ ಅದನ್ನ ಕಣ್ಣಿನ ಹತ್ರಕ್ಕೆ ಹಿಡಿದು, ದೂರ ಹಿಡಿದು, ತಂಗಿ ಹೆಸರಿನ ಮೇಲೆ ಬೆರಳಿಟ್ಟು, "ಇದು ಕಾಣಲ್ಲ ಕಣಪ್ಪಾ, ಇದನ್ನ ದೊಡ್ಡದು ಮಾಡು" ಅಂದ್ರು.