ಸವಕಲು ಕಾಸು

ಹಳೆಯ ತಾಮ್ರದ ಕಾಸೊಂದು ಸಿಕ್ಕಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ದೇವರ ಮನೆಯ ಪಂಚಪಾತ್ರೆ, ಉದ್ಧರಣೆಗೆ ಸಲ್ಲುವ ಉಪಚಾರವೇ ಅದಕ್ಕೂ ಸಲ್ಲುತ್ತದೆ. ಐದು ನಿಮಿಷದಲ್ಲಿ ಕಾಸು ಕೆಂಪಗೆ ಹೊಳೆಯುತ್ತದೆ, ಮನೆಯವರಿಗೆಲ್ಲ ಸಂತೋಷವಾಗುತ್ತದೆ. ಆದರೆ ಇನ್ನೂರು ವರ್ಷ ಮಣ್ಣಲ್ಲಿದ್ದು ಮೈಮೇಲೆ ಕಟ್ಟಿಕೊಂಡಿದ್ದ ಹಸಿರು ಕಂದು ಪದರ ಅಷ್ಟರಲ್ಲಿ ತೊಳೆದುಹೋಗಿರುತ್ತದೆ. ಸವೆದ ನಾಣ್ಯದಲ್ಲಿ ಅಕ್ಷರದ ಅಂಚು ಉಳಿದಿರುವುದು ಎಷ್ಟೋ ಸಲ ಆ ಪದರದಲ್ಲೇ. ಅದಕ್ಕೇ ಕಂಡಕಂಡವರಿಗೆಲ್ಲ ಹೇಳುತ್ತಿರುತ್ತೇನೆ: ನೀರಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಡಲಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಹುಣಸೆಹಣ್ಣು ಸಾರಿಗಿರಲಿ.

ಮಂಡ್ಯ, ಮೈಸೂರಿನ ಸುತ್ತ ಉಳುವಾಗಲೋ ಪಾಯ ತೋಡುವಾಗಲೋ ಸಿಗುವ ದಪ್ಪ ತಾಮ್ರದ ನಾಣ್ಯಗಳಲ್ಲಿ ಆನೆ ಕಾಸು ಬಹಳ. ಅದನ್ನು ಅಂಗೈಲಿಟ್ಟುಕೊಂಡು ಬಂದವರು "ಇದ್ಕೆ ಎಷ್ಟು ಬತ್ತದೆ ಸಾ?" ಅಂತ ಕೇಳುತ್ತಾರೆ. ನನಗೆ ಮೊದಲು ಬೇಕಾದ್ದು ತೂಕ. ಕಣ್ಣಿಗಿಂತ ತಕ್ಕಡಿಯನ್ನು ಹೆಚ್ಚು ನಂಬಬೇಕು. ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ಪೈಸೆ ಹತ್ತಿರ ಹತ್ತಿರ 11 ಗ್ರಾಂ ತೂಗುತ್ತದೆ. ಅರ್ಧ ಪೈಸೆ ಐದೂವರೆ, ಕಾಲು ಪೈಸೆ ಎರಡೂ ಮುಕ್ಕಾಲರ ಆಸುಪಾಸು. ಸವೆತದಿಂದ ಒಂದಿಷ್ಟು ಕಳೆದುಹೋದರೂ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಜಾರುವಷ್ಟು ಕಳೆಯುವುದಿಲ್ಲ. ಈ ಮೆಟ್ಟಿಲುಗಳಿಗೆ ಆತ ಇಟ್ಟ ಹೆಸರುಗಳು ಆಕಾಶದವು: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಅಂದರೆ ಮಂಗಳ, ಕಾಲಿಗೆ ಅಖ್ತರ್ ಎಂಬ ನಕ್ಷತ್ರ, ಅರೆಕಾಲಿಗೆ ಕುತುಬ್ ಎಂಬ ಧ್ರುವ. ಸಂತೆಯಲ್ಲಿ ಸೊಪ್ಪು ಕೊಳ್ಳುವ ಚಿಲ್ಲರೆಗೆ ಗ್ರಹ ತಾರೆಗಳ ಹೆಸರಿಟ್ಟ ಈ ಕಲ್ಪನೆ ನನಗೆ ಬಹಳ ಇಷ್ಟ.

ಆನೆ ಇದೆ ಎಂದ ಮಾತ್ರಕ್ಕೆ ಟಿಪ್ಪುವಿನದೇ ಎಂದು ಹೇಳಿಬಿಡಲಾಗದು. ತಲಕಾಡಿನ ಗಂಗರದ್ದೆನ್ನುವ ಚಿನ್ನದ ನಾಣ್ಯಗಳಲ್ಲಿ ಆನೆಯಿದೆ, ವಿಜಯನಗರದ ದೇವರಾಯನ ಚಿಕ್ಕ ತಾಮ್ರದ ಕಾಸುಗಳಲ್ಲೂ ಇದೆ, ಹೈದರನ ಪೈಸೆಯಲ್ಲೂ ಇದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಹೋಗಲಿಲ್ಲ. ಅದರ ಮೇಲೆ ಸೂರ್ಯ ಚಂದ್ರ ಬಂದವು, ನಡುವೆ ಕನ್ನಡದ 'ಶ್ರೀ' ಬಂತು. ಹೈದರನ ಚಿನ್ನದ ವರಹದಲ್ಲಂತೂ ಶಿವ ಪಾರ್ವತಿಯರು ಕೂತಿದ್ದಾರೆ. ಇಕ್ಕೇರಿಯ ವರಹದ ಚಿತ್ರವನ್ನೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಪಾರ್ಸಿ ಅಕ್ಷರವನ್ನು ಹಾಕಿಸಿದ. ರಾಜ ಬದಲಾದರೂ ಕಾಸಿನ ಮುಖ ಬದಲಾದರೆ ಸಂತೆಯಲ್ಲಿ ನಡೆಯುವುದು ಕಷ್ಟ ಎಂಬುದು ಆಳುವವರಿಗೆಲ್ಲ ಗೊತ್ತಿತ್ತೆಂದು ಕಾಣುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಕತ್ತಲ ಕೋಣೆಯಲ್ಲಿ ಕಾಸನ್ನು ಮೇಜಿನ ಮೇಲಿಟ್ಟು ಟಾರ್ಚನ್ನು ಪಕ್ಕದಿಂದ, ಮೇಜಿನ ಮಟ್ಟಕ್ಕೇ ಹಿಡಿಯಬೇಕು. ಮೇಲಿನಿಂದ ಬೆಳಕು ಬಿದ್ದಾಗ ಬೋಳಾಗಿ ಕಂಡದ್ದರ ಮೇಲೆ ಈಗ ನೆರಳು ಏಳುತ್ತದೆ. ಕಾಸನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಆನೆಯ ಹಿಂಗಾಲು, ಇನ್ನೊಂದರಲ್ಲಿ ಬಾಲ ಕಾಣುತ್ತದೆ. ಬಾಲ ಮೇಲೆದ್ದಿದೆಯೋ ಇಳಿಬಿದ್ದಿದೆಯೋ, ಆನೆ ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮದರಾಸಿನಲ್ಲಿ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್ ಟಿಪ್ಪು ನಾಣ್ಯಗಳ ಪುಸ್ತಕ ಇಂಥ ವಿವರಗಳ ಮೇಲೆಯೇ ನಿಂತಿದೆ. ಬೆಳಕು ಸೋತಾಗ ತೆಳು ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ ನೋಡಬಹುದು.

ಟಿಪ್ಪುವಿನ ಪೈಸೆಯ ಹಿಂಬದಿಯ ಪಾರ್ಸಿ ಬರಹದಲ್ಲಿ ಟಂಕಸಾಲೆಯ ಊರಿರುತ್ತದೆ. 'ಪಟನ್' ಎಂದರೆ ಶ್ರೀರಂಗಪಟ್ಟಣ, 'ನಗರ್' ಎಂದರೆ ಬಿದನೂರು. ಚಿತ್ರದುರ್ಗಕ್ಕೆ ಆತ ಇಟ್ಟ ಹೆಸರು ಫರ್ರುಖ್‌ಯಾಬ್ ಹಿಸಾರ್. ಗುತ್ತಿಗೆ ಫೈಜ್ ಹಿಸಾರ್. ಇಸವಿಯಲ್ಲಿ ಒಂದು ತೊಡಕಿದೆ. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ವರ್ಷಗಣನೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಪಾರ್ಸಿ ಅಂಕಿ ಬಲ್ಲವರೂ ಅಭ್ಯಾಸದಂತೆ ಎಡದಿಂದ ಓದಿದರೆ 1215 ಎನ್ನುವುದು 5121 ಆಗಿಬಿಡುತ್ತದೆ.

ಇನ್ನೊಂದು ಮಾತು. ಬರಹ ಇಲ್ಲದ್ದೆಲ್ಲ ಸವೆದದ್ದಲ್ಲ. ಆ ಕಾಲದಲ್ಲಿ ತಾಮ್ರದ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದರೆ ಅರ್ಧ ಬರಹ ನಾಣ್ಯದ ಮೇಲೆ ಬೀಳುತ್ತಲೇ ಇರಲಿಲ್ಲ. ಇಲ್ಲದ ಅಕ್ಷರವನ್ನು ಹುಡುಕುತ್ತ ಕೂತವರನ್ನು ಕಂಡಿದ್ದೇನೆ. ನಿಜವಾದ ಸವೆತ ಉಬ್ಬಿದ ಕಡೆಯಲ್ಲಿ ಮೊದಲು ಬರುತ್ತದೆ, ತಗ್ಗಿನಲ್ಲಿ ಕೊನೆಗೆ. ಪೂಜೆಯ ಕಲಶದಲ್ಲಿದ್ದು ಹಬ್ಬಹಬ್ಬಕ್ಕೂ ಉಜ್ಜಿಸಿಕೊಂಡ ಕಾಸು ಎರಡೂ ಮುಖಗಳಲ್ಲಿ ಒಂದೇ ಸಮ ನುಣುಪಾಗಿರುತ್ತದೆ. ಗೊಬ್ಬರದ ಉಪ್ಪು ತಿಂದ ಹೊಲದ ಕಾಸಿನ ಮೈ ಸಿಡುಬಿನ ಕಲೆಯಂತೆ ಗುಳಿಗುಳಿ. ಅಂಚಿನಲ್ಲಿ ತೂತಿದ್ದರೆ ಯಾವುದೋ ಮಗುವಿನ ಉಡಿದಾರದಲ್ಲಿ ತೂಗಿದ್ದಿರಬೇಕು. ಈ ಸವೆತ ಇಂಥ ಕೈಗಳದ್ದು ಎಂದು ಹೇಳಬಹುದಾದಾಗ ನನಗೆ ರಾಜನ ಹೆಸರು ಸಿಕ್ಕಿದಷ್ಟೇ ಸಂತೋಷ.

ಸವೆತವೆಂದರೆ ಬಳಕೆಯ ಗುರುತು ಎಂಬುದಕ್ಕೆ ಒಂದು ಸಮುದ್ರದ ಕಥೆ ಸಾಕ್ಷಿ. ಕಂಪನಿ ಸರಕಾರ ಮದರಾಸು ಪ್ರಾಂತ್ಯಕ್ಕೆಂದು ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಮಾಡಿಸಿತು. ನಮ್ಮ ಬಳ್ಳಾರಿ, ಮಂಗಳೂರು ಆಗ ಅದೇ ಪ್ರಾಂತ್ಯದಲ್ಲಿದ್ದವು. 1808ರ ಇಸವಿ ಹೊತ್ತ ಅಂಥ ನಾಣ್ಯಗಳನ್ನು ಟನ್‌ಗಟ್ಟಲೆ ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ತೀರದಾಚೆ ಗುಡ್‌ವಿನ್ ಮರಳದಿಬ್ಬದ ಮೇಲೆ ಒಡೆದು ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅವನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಸಿಂಹಗಳು, ಪಾರ್ಸಿ ಸಾಲು, ಇಸವಿ ಎಲ್ಲವೂ ಸ್ಪಷ್ಟವಾಗಿ ಓದಬರುವ ನಾಣ್ಯಗಳು ಅವುಗಳಲ್ಲಿ ಬಹಳ. ಒಂದು ಕವಳೆ ಎಲೆಯನ್ನೂ ಕೊಳ್ಳದೆ ಮುಳುಗಿದವು. ಅದೇ ಅಚ್ಚಿನ ಕಾಸು ಬಳ್ಳಾರಿ ಸೀಮೆಯಲ್ಲಿ ಸವೆದು ಸಿಕ್ಕರೆ ಗುಂಡಗಿನ ಆಕಾರ, ಸಮನಾದ ಅಂಚು ನೋಡಿ ಯಂತ್ರದ್ದೆಂದು ಹೇಳಬಹುದು, ಅಷ್ಟೆ. ಎರಡನ್ನೂ ಮುಂದಿಟ್ಟು ಒಂದನ್ನು ಆರಿಸಿಕೋ ಎಂದರೆ ನಾನು ಸವೆದದ್ದನ್ನೇ ಎತ್ತಿಕೊಳ್ಳುತ್ತೇನೆ.

ಇಂಗ್ಲೆಂಡಿನಲ್ಲಿ ಭೂಮಾಲೀಕನ ಒಪ್ಪಿಗೆ ಪಡೆದು ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ಜನರ ಹವ್ಯಾಸ. ಸಿಕ್ಕಿದ್ದನ್ನು ದಾಖಲಿಸಲು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ 1997ರಿಂದ ನಡೆಯುತ್ತಿದೆ. ಸವೆದ ರೋಮನ್ ಚಿಲ್ಲರೆಯೂ ಅಲ್ಲಿ ತೂಕ, ಅಳತೆ, ಸಿಕ್ಕ ಊರಿನ ಸಮೇತ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲಿ ಆ ಯಂತ್ರ ನಿಧಿಗಳ್ಳರ ಕೈಗೂ ಬಂದಿದೆ. ನಂದಿಯ ಹೊಟ್ಟೆಯಲ್ಲಿ ಚಿನ್ನವಿದೆಯೆಂದು ಪಾಳುಗುಡಿಯ ನಂದಿಯನ್ನು ಒಡೆದ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಕ್ಕಿ ಸೆಳೆಯುವ ತಾಮ್ರದ ಕಾಸಿಗೆ ಕೋಟಿ ಬರುತ್ತದೆಂದು ನಂಬಿಸಿ ರೈತರ ದುಡ್ಡು ನುಂಗುವ ರೈಸ್ ಪುಲ್ಲಿಂಗ್ ದಂಧೆಯವರೂ ಇದ್ದಾರೆ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ಸವೆದ ಆನೆ ಕಾಸಿಗೆ ಕೋಟಿಯೂ ಬರುವುದಿಲ್ಲ.

ನೆಲದಲ್ಲಿ ಹುದುಗಿದ ನಿಧಿಗೆ ನಮ್ಮಲ್ಲಿ 1878ರಿಂದಲೂ ಕಾನೂನಿದೆ. ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಭಯದಿಂದ ಬಚ್ಚಿಟ್ಟು, ಅಕ್ಕಸಾಲಿಗೆ ಮಾರಿ, ಕರಗಿಸಿ ಹಾಳುಮಾಡುವುದಕ್ಕಿಂತ ತಿಳಿಸುವುದು ಎಷ್ಟೋ ಮೇಲು. ಬರೀ ಕಾಸನ್ನು ಕೊಟ್ಟರೆ ಸಾಲದು. ಯಾವ ಊರು, ಯಾವ ಹೊಲ, ಎಷ್ಟು ಆಳ, ಜತೆಗೆ ಮಡಕೆಚೂರು ಇತ್ತೇ ಎಂಬುದನ್ನು ಅವತ್ತೇ ಒಂದು ಚೀಟಿಯಲ್ಲಿ ಬರೆದು ಅದರೊಟ್ಟಿಗೆ ಇಡಬೇಕು. ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ತೈಬೀರಿಯಸರ ದಿನಾರಿ ಎಂಬ ಬೆಳ್ಳಿ ನಾಣ್ಯಗಳು ಜಗತ್ತಿನ ಎಷ್ಟೋ ಮ್ಯೂಸಿಯಮ್ಮುಗಳಲ್ಲಿವೆ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ದಿನಾರಿಗಳ ಮಾತು ಬೇರೆ. ಊರಿನ ಹೆಸರನ್ನು ಯಾರೋ ಬರೆದಿಟ್ಟದ್ದರಿಂದಲೇ, ಎರಡು ಸಾವಿರ ವರ್ಷದ ಹಿಂದೆ ಕಡಲ ವ್ಯಾಪಾರ ನಮ್ಮ ಒಳನಾಡಿನವರೆಗೆ ಯಾವ ಹಾದಿಯಲ್ಲಿ ಬಂತೆಂದು ಹುಡುಕುವವರು ಈ ಊರನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ.