ಆಗಸ್ಟಿನಲ್ಲಿ ನೋಡಿದ ಮನೆ

ಅಪ್ಪಯ್ಯ ಬೆಂಗಳೂರಿನಲ್ಲಿ ಮನೆ ನೋಡಲು ಹೊರಟಿದ್ದು 1995ರ ಆಗಸ್ಟಿನಲ್ಲಿ. ಕೊಟ್ಟಿಗೆಹಾರದ ಮಳೆಗೆ ಆ ತಿಂಗಳು ತೋಟದ ಕೆಲಸ ಹೆಚ್ಚುಕಡಿಮೆ ನಿಂತಿರುತ್ತದೆ. ಆಳುಗಳು ಲೈನ್ ಮನೆಗಳಲ್ಲಿ, ನಾವು ಒಲೆ ಮುಂದೆ. ಬೆಳಿಗ್ಗೆ ಎದ್ದು ಮಳೆ ಅಳತೆ ನೋಡಿ ಇಷ್ಟು ಇಂಚು ಎಂದು ಪುಸ್ತಕದಲ್ಲಿ ಬರೆದಿಟ್ಟರೆ ದಿನದ ಕೆಲಸ ಮುಗಿಯಿತು. ಊರು ಬಿಟ್ಟು ಹೋಗಲು ಪುರುಸೊತ್ತು ಸಿಗುವುದೇ ಆಗ.

ಮನೆ ಕೊಳ್ಳುವ ದುಡ್ಡು ಬಂದದ್ದು ಬ್ರೆಜಿಲ್‌ನ ಚಳಿಯಿಂದ. 1994ರ ಜೂನ್-ಜುಲೈನಲ್ಲಿ ಅಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಗಿಡಗಳು ಕರಟಿದವು, ಇಲ್ಲಿ ರೇಟು ಏರಿತು. ಅದಕ್ಕೂ ಹಿಂದೆ ನಮ್ಮ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ದುಡ್ಡು ಕಂತಿನಲ್ಲಿ, ಬೋರ್ಡಿಗೆ ತೋಚಿದಾಗ ಬರುತ್ತಿತ್ತು. ಕಂತಿನ ದುಡ್ಡಲ್ಲಿ ಗೊಬ್ಬರ ತರಬಹುದು, ಮದುವೆ ಮಾಡಬಹುದು, ಮನೆ ಕೊಳ್ಳಲು ಆಗುವುದಿಲ್ಲ. 1993ರಲ್ಲಿ ಅರ್ಧ ಬೆಳೆಯನ್ನು ನಾವೇ ಮಾರಿಕೊಳ್ಳಬಹುದು ಎಂದಾಯಿತು, 1996ರ ಹೊತ್ತಿಗೆ ಪೂರ್ತಿ. ಹೀಗೆ ಮೊದಲ ಸಲ ಇಡಿಯಾಗಿ ಕೈಗೆ ಬಂದ ದುಡ್ಡಲ್ಲಿ ಮೂಡಿಗೆರೆ ಸುತ್ತ ಕೆಲವರು ಜೀಪು ತಂದರು, ಕೆಲವರು ಪಕ್ಕದ ತೋಟ ಸೇರಿಸಿಕೊಂಡರು. ಅಪ್ಪಯ್ಯನಿಗೆ ನನ್ನ ತಂಗಿ, ತಮ್ಮ ಇಬ್ಬರ ಓದಿಗೆ ಬೆಂಗಳೂರಿನಲ್ಲಿ ಒಂದು ಮನೆ ಬೇಕಿತ್ತು. ನನಗೆ ಆಗಲೇ ಮದುವೆಯಾಗಿ ತೋಟ ನನ್ನ ಕೈಗೆ ಬರುತ್ತಿತ್ತು. ಜೊತೆಗೆ ಹೋದೆ.

ನಮ್ಮ ಕಡೆಯವರಿಗೆ ಬೆಂಗಳೂರು ಎಂದರೆ ಮೊದಲು ತುಮಕೂರು ರಸ್ತೆ. ಕಳಸದ ಕಡೆಯಿಂದ ಬರುವ ರಾತ್ರಿ ಬಸ್ಸು ನೆಲಮಂಗಲ ದಾಟಿ, ಬೆಳಗಿನ ಜಾವ ಯಶವಂತಪುರದಲ್ಲೋ ನವರಂಗ್ ಹತ್ತಿರವೋ ನಮ್ಮನ್ನು ಇಳಿಸುತ್ತದೆ. ಅಕ್ಕಿ ಚೀಲ, ಬಾಳೆಗೊನೆ, ಅಪ್ಪೆಮಿಡಿ ಡಬ್ಬ ಹೊತ್ತು ಆ ಹೊತ್ತಿನಲ್ಲಿ ಎಷ್ಟು ದೂರ ನಡೆಯಬೇಕು, ಆಟೋದವನು ಎಷ್ಟು ಕೇಳುತ್ತಾನೆ ಎನ್ನುವುದರ ಮೇಲೆ ಏರಿಯಾ ತೀರ್ಮಾನವಾಗುತ್ತಿತ್ತು. ಜಯನಗರ, ಇಂದಿರಾನಗರ ನಮ್ಮ ಲೆಕ್ಕಕ್ಕೇ ಬರಲಿಲ್ಲ. ಉಳಿದದ್ದು ಎರಡು: ಮಲ್ಲೇಶ್ವರ, ವಿಜಯನಗರ.

ಮಲ್ಲೇಶ್ವರದ ಮನೆ ಅಡ್ಡರಸ್ತೆಯೊಂದರ ಹಳೇ ಹೆಂಚಿನ ಮನೆ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯಿಂದ ಹೊರಬಂದವರಿಗೆಂದು ಕಟ್ಟಿದ ಬಡಾವಣೆ ಅದು. ಮನೆ ಹಿಂದೆ ಸಣ್ಣ ಓಣಿ, ಮುಂದೆ ಸಂಪಿಗೆ ಮರ. ಹದಿನೆಂಟನೇ ಕ್ರಾಸಿನ ಬಸ್‌ಸ್ಟಾಪು ಹತ್ತಿರ, ಎಂಟನೇ ಕ್ರಾಸಿನ ಮಾರ್ಕೆಟ್ಟಿಗೂ ನಡೆದೇ ಹೋಗಬಹುದು. ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಅಲ್ಲೇ ಅಡ್ವಾನ್ಸ್ ಕೊಡಿಸುತ್ತಿದ್ದಳು. ಅಪ್ಪಯ್ಯ ಗೇಟಿನಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದರು. ‘ಜೀಪು ತಿರುಗ್ಸಕ್ಕೆ ಜಾಗ ಎಲ್ಲಿದೆ?’ ಎಂದು ಬ್ರೋಕರನ್ನು ಕೇಳಿದರು. ‘ಇಲ್ಲಿ ಜೀಪು ಯಾಕೆ ಸಾರ್?’ ಎಂದ ಆತ. ಅದಕ್ಕೆ ಉತ್ತರ ಕೊಡುವುದೂ ಮರ್ಯಾದೆಗೆ ಕಡಿಮೆ ಎನ್ನುವ ಹಾಗೆ ಅಪ್ಪಯ್ಯ ಸುಮ್ಮನಾದರು. ಮನೆ ಮಾಲೀಕರು ಐದು ಜನ ಅಣ್ಣತಮ್ಮಂದಿರು, ಅದರಲ್ಲಿ ಒಬ್ಬರು ಅಮೆರಿಕದಲ್ಲಿ. ಐದನೇ ಸಹಿ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ವಿಜಯನಗರದಲ್ಲಿ ಮಾರುತಿ ಮಂದಿರದಿಂದ ಸ್ವಲ್ಪ ಒಳಗೆ, 30×40 ಸೈಟಿನಲ್ಲಿ ಮೋಲ್ಡ್ ಹಾಕಿದ ಮನೆ. ಒಂದೇ ಮಾಲೀಕ. ರಸ್ತೆ ಅಗಲ. ಮರಗಳಿನ್ನೂ ಎದೆಮಟ್ಟ. ಮಲ್ಲೇಶ್ವರಕ್ಕೆ ಹೇಳಿದ ದುಡ್ಡಲ್ಲಿ ಇದನ್ನು ಕೊಂಡು ಮೇಲೊಂದು ಮನೆ ಕಟ್ಟಿಸಿದರೂ ಉಳಿಯುತ್ತಿತ್ತು. ಎರಡು ರಸ್ತೆ ಆಚೆ ಅಪ್ಪಯ್ಯನ ಭಾವ ಇದ್ದರು. ‘ನಮ್ಮೋರು ಸುಮಾರು ಜನ ಇದೀವಿ, ಬನ್ನಿ’ ಎಂದರು ಮಾವ. ಅಲ್ಲಿಗೆ ಮುಗಿಯಿತು. ಜೀಪು, ನೆಂಟರು, ಒಂದೇ ಸಹಿ: ಇವು ಮೂರು ನೋಡಿ ಮನೆ ಕೊಂಡೆವು.

ನೀರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೊರಗೆ ಜಡಿಮಳೆ, ಛತ್ರಿ ಹಿಡಿದು ನಿಂತಿದ್ದೇವೆ. ವರ್ಷಕ್ಕೆ 100 ಇಂಚು ದಾಟುವ ಊರಿನವರಿಗೆ ಮಳೆ ಅತಿಯಾದದ್ದೇ ಗೊತ್ತು, ನೀರು ಸಾಲದಾದೀತು ಎಂದು ತೋಚುವುದಿಲ್ಲ. ಬೆಂಗಳೂರಿಗೆ ಬೀಳುವುದು ವರ್ಷಕ್ಕೆ ಸುಮಾರು 40 ಇಂಚು ಎಂದು ನಾನು ಓದಿದ್ದು ಎಷ್ಟೋ ವರ್ಷದ ನಂತರ.

ಮುಂದಿನ ಏಪ್ರಿಲಿನಲ್ಲಿ ಅಮ್ಮ ತಂಗಿಯ ಪರೀಕ್ಷೆಗೆಂದು ಅಲ್ಲಿ ಹೋಗಿ ಕೂತಳು. ಎರಡು ದಿನಕ್ಕೊಮ್ಮೆ, ಅದೂ ನಡುರಾತ್ರಿ, ನಲ್ಲಿ ಉಸಿರು ಬಿಟ್ಟು ನೀರು ಬರುತ್ತಿತ್ತು. ಅಮ್ಮ ಸಂಪಿನ ಬಾಯಿಗೆ ಟಾರ್ಚ್ ಹಿಡಿದು ಕಾಯುತ್ತಿದ್ದಳು. ಆ ನೀರು ಬರುತ್ತಿದ್ದುದು ಕಾವೇರಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಗುಡ್ಡ ಹತ್ತಿಸಿ ಪಂಪು ಮಾಡಿ. ಹೇಮಾವತಿ ಹುಟ್ಟುವುದು ನಮ್ಮ ತಾಲೂಕಿನ ಜಾವಳಿಯಲ್ಲಿ, ಸೇರುವುದು ಕೃಷ್ಣರಾಜಸಾಗರಕ್ಕೆ. ನಮ್ಮ ಗದ್ದೆ ಬದುವಿನ ಪಕ್ಕ ಪುಕ್ಕಟೆ ಹರಿದುಹೋದ ನೀರಿಗೇ ಅಮ್ಮ ವಿಜಯನಗರದಲ್ಲಿ ನಿದ್ದೆಗೆಟ್ಟು ಕಾದಳು. ಊರಿಗೆ ಬಂದ ಮೇಲೆ ಮೂರು ದಿನ ಅಪ್ಪಯ್ಯನ ಹತ್ತಿರ ಮಾತಾಡಲಿಲ್ಲ.

ಆದರೆ ಮನೆ ನಮ್ಮನ್ನು ಉಳಿಸಿತು ಎನ್ನುವುದನ್ನೂ ಹೇಳಬೇಕು. 1999ರ ನಂತರ ವಿಯೆಟ್ನಾಂ ಕಾಫಿ ಜಗತ್ತಿನ ಮಾರುಕಟ್ಟೆಗೆ ಸುರಿದು ರೇಟು ನೆಲ ಕಚ್ಚಿತು. ಕೊಯ್ದ ಕೂಲಿಯೂ ಹುಟ್ಟದ ವರ್ಷಗಳವು. ಅಷ್ಟರಲ್ಲಿ ತಂಗಿ, ತಮ್ಮ ಓದು ಮುಗಿಸಿದ್ದರು. ಕೆಳಗಿನ ಮನೆ, ಆಮೇಲೆ ಕಟ್ಟಿಸಿದ ಮೇಲಿನ ಮನೆ ಎರಡನ್ನೂ ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆಯಲ್ಲಿ ತೋಟದ ವಾರದ ಬಟವಾಡೆ ಎಷ್ಟೋ ಸಲ ನಡೆದಿದೆ. ಮಲ್ಲೇಶ್ವರದ ಹೆಂಚಿನ ಮನೆಯಾಗಿದ್ದರೆ ಬಾಡಿಗೆಗಿಂತ ರಿಪೇರಿಯೇ ಹೆಚ್ಚಾಗುತ್ತಿತ್ತೇನೋ. ಜೀಪು ಮಾತ್ರ ಆ ಗೇಟಿನೊಳಗೆ ಒಂದು ಸಲವೂ ಹೋಗಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಿಗೆ ಅಪ್ಪಯ್ಯ ಹೆದರುತ್ತಿದ್ದರು.

ಈಗ ಮಗಳ ಸರದಿ. ವೈಟ್‌ಫೀಲ್ಡಿನಲ್ಲಿ ಕೆಲಸ, ಅಲ್ಲೇ ಬಾಡಿಗೆ ಫ್ಲ್ಯಾಟು. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ, ಅವಳ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಂದಾಗ ಮಾತ್ರ ನೀರು. ಸ್ನಾನಕ್ಕೂ ಹೊತ್ತು ಗೊತ್ತುಮಾಡಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು. ಪೈಪು ಬಂದ ಕಡೆಯೆಲ್ಲ ನೀರೂ ಬಂದಿದೆ ಎಂದಲ್ಲ. ಅವಳಿಗೆ ಈಗ ಸ್ವಂತ ಮನೆ ಬೇಕು. ವೈಟ್‌ಫೀಲ್ಡಿನಲ್ಲಿ ಹೊಸ ಫ್ಲ್ಯಾಟೋ, ವಿಜಯನಗರದ ಹಳೇ ಮನೆ ಕೆಡವಿ ಕಟ್ಟುವುದೋ ಎಂದು ತೂಗುತ್ತಿದ್ದಾಳೆ. ಅಪ್ಪಯ್ಯ ಹೆಜ್ಜೆಯಲ್ಲಿ ಅಳೆದದ್ದನ್ನು ಇವಳು ಫೋನಿನಲ್ಲಿ ಅಳೆಯುತ್ತಾಳೆ. ಮೊದಲ ಪ್ರಶ್ನೆ ‘ಕಾವೇರಿ ಇದೆಯಾ?’ ಎರಡನೆಯದು ‘ಎ ಖಾತೆನಾ?’ ಮೂರನೆಯದು ಮೆಟ್ರೋಗೆ ಎಷ್ಟು ನಿಮಿಷ. ನೆಂಟರು ಎಲ್ಲಿದ್ದಾರೆ ಎಂದು ಕೇಳುವುದೇ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ. ಮಾವನ ಮಕ್ಕಳು ಮನೆ ಮಾರಿ ಹೋಗಿ ಹತ್ತು ವರ್ಷವಾಯಿತು.

ನನ್ನ ಓಟು ವಿಜಯನಗರಕ್ಕೆ. ಮೆಟ್ರೋ ಅಲ್ಲಿಗೆ 2015ರಲ್ಲೇ ಬಂತು, 2023ರ ಅಕ್ಟೋಬರಿನಿಂದ ಅದೇ ನೇರಳೆ ಮಾರ್ಗ ನೇರ ವೈಟ್‌ಫೀಲ್ಡಿಗೆ ಹೋಗುತ್ತದೆ. ನಲ್ಲಿಯೂ ಅಮ್ಮನ ಕಾಲಕ್ಕಿಂತ ವಾಸಿ. ಅಪ್ಪಯ್ಯ ಆರಿಸಿದ ಏರಿಯಾ ಸರಿಯಾಗಿತ್ತು, ಆರಿಸಿದ ಕಾರಣಗಳಲ್ಲಿ ಆ ಒಂದೇ ಸಹಿ ಬಿಟ್ಟರೆ ಇನ್ನಾವುದೂ ಕೆಲಸಕ್ಕೆ ಬರಲಿಲ್ಲ. ಮಗಳು ಇನ್ನೂ ತೀರ್ಮಾನಿಸಿಲ್ಲ. ಮೊನ್ನೆ ಮಳೆಯಲ್ಲೇ ಊರಿಗೆ ಬಂದವಳು, ‘ವಾಪಸ್ ಹೋದವಳೇ ಎರಡು ಫ್ಲ್ಯಾಟ್ ನೋಡ್ಕೊಂಡ್ ಬರ್ತೀನಿ ಅಪ್ಪ’ ಎಂದಳು. ಬೇಡ ಎಂದೆ.

ನಮ್ಮ ಕಡೆಯಿಂದ ಬೆಂಗಳೂರಿಗೆ ಮನೆ ನೋಡಲು ಹೋಗುವವರಿದ್ದರೆ ನಿಮಗೂ ಅದನ್ನೇ ಹೇಳುತ್ತೇನೆ: ತೋಟದ ಕೆಲಸ ಎಷ್ಟೇ ಇರಲಿ, ರೈಟರ ಕೈಗೆ ಒಪ್ಪಿಸಿ ಏಪ್ರಿಲಿನಲ್ಲಿ ಹೋಗಿ. ಆಗಸ್ಟಿನಲ್ಲಿ ಎಲ್ಲ ಏರಿಯಾವೂ ಚೆನ್ನಾಗಿಯೇ ಕಾಣುತ್ತದೆ.