ಚಿತ್ತೂರಿನಿಂದ ಬಂದ ಪೆಪ್ಪರ್‌ಮೆಂಟು

ಬನ್ನು ನಮ್ಮೂರಿನದು, ಪೆಪ್ಪರ್‌ಮೆಂಟು ಪರಊರಿನದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಊರುಗಳಲ್ಲಿ ಬ್ಯಾಂಕ್ ಗುಮಾಸ್ತನಾಗಿ ಕೆಲಸ ಮಾಡಿದ ನಾನು ಎಲ್ಲೆಡೆ ಕಂಡದ್ದು ಇದನ್ನೇ. ಬೇಕರಿಯವರು ಬೆಳಗಿನ ಜಾವ ಒಲೆ ಹೊತ್ತಿಸಿ ಬ್ರೆಡ್ಡು, ಬನ್ನು, ರಸ್ಕು ತಾವೇ ಮಾಡುತ್ತಿದ್ದರು. ಅದೇ ಬೇಕರಿಯ ಗಾಜಿನ ಭರಣಿಯಲ್ಲಿದ್ದ ಪೆಪ್ಪರ್‌ಮೆಂಟು ಮಾತ್ರ ಲಾರಿಯಲ್ಲಿ ಬಂದದ್ದು.

ಕಾರಣ ಸರಳ. ಬನ್ನು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ; ತಿನ್ನುವವರ ಹತ್ತಿರವೇ ಅದನ್ನು ಮಾಡಬೇಕು. ಪೆಪ್ಪರ್‌ಮೆಂಟು ಹಾಗಲ್ಲ. ಸಕ್ಕರೆ ಪಾಕವನ್ನು ನೀರಿನಂಶ ಹೆಚ್ಚುಕಡಿಮೆ ಪೂರ್ತಿ ಹೋಗುವವರೆಗೆ ಕುದಿಸುತ್ತಾರೆ. ಬರೀ ಸಕ್ಕರೆಯಾದರೆ ಆರಿದ ಮೇಲೆ ಹರಳುಗಟ್ಟುತ್ತದೆಂದು ಗ್ಲೂಕೋಸ್ ಪಾಕವನ್ನೂ ಸೇರಿಸುತ್ತಾರೆ. ಗಾಳಿಯ ತೇವ ತಾಗದಂತೆ ಕಾಗದ ಸುತ್ತಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಒಂದೂರಿನಲ್ಲಿ ಮಾಡಿ ನೂರೂರಿಗೆ ಕಳಿಸಬಹುದು. ಸಗಟು ವ್ಯಾಪಾರ ಹುಟ್ಟುವುದೇ ಹೀಗೆ.

ನಮ್ಮ ಭಾಗಕ್ಕೆ ಹತ್ತಿರದಲ್ಲೇ ಅಂಥ ಒಂದು ಕಂಪನಿಯಿತ್ತು. ಮುಳಬಾಗಿಲಿನಿಂದ ನಂಗಲಿ ದಾಟಿ, ಪಲಮನೇರಿನ ಮೇಲೆ ಹೋದರೆ ಚಿತ್ತೂರು. ನೂರು ಕಿಲೋಮೀಟರೂ ಇಲ್ಲ. ಶ್ರೀನಿವಾಸಪುರದ ತೋತಾಪುರಿ ಮಾವು ರಸ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತಿದ್ದದ್ದೂ ಆ ಜಿಲ್ಲೆಗೇ. ಆ ಊರಿನಲ್ಲಿ 1952ರಲ್ಲಿ ಬಿ. ವೆಂಕಟರಾಮ ರೆಡ್ಡಿ ಎಂಬವರು ನ್ಯೂಟ್ರಿನ್ ಕಂಪನಿ ಶುರುಮಾಡಿದರು. ಆಗಿನ್ನೂ ಆಣೆಯ ಕಾಲ. ರೂಪಾಯಿಗೆ ನೂರು ಪೈಸೆ ಎಂದಾದದ್ದು 1957ರಲ್ಲಿ. ಮದರಾಸು, ಮುಂಬಯಿಯಂಥ ಮಹಾನಗರವಲ್ಲದ ಊರಿನಿಂದ ಹೊರಟ ಈ ಹೆಸರು ದೇಶದ ದೊಡ್ಡ ಮಿಠಾಯಿ ಕಂಪನಿಗಳ ಸಾಲಿಗೆ ಸೇರಿತು. ಅದರ ಮಹಾ ಲ್ಯಾಕ್ಟೋ ತಿನ್ನದವರು ನಮ್ಮ ಕಡೆ ಕಡಿಮೆ. ಪಾಲ್ಕೋವಾ ಕಾಯಿಸುವಾಗ ಹಾಲು ಸಕ್ಕರೆ ಸೇರಿ ಕೆಂಪಗಾಗುತ್ತದಲ್ಲ, ಅದೇ ಬಣ್ಣ, ಅದೇ ಜಾತಿಯ ರುಚಿ.

ಒಂದು ಲೆಕ್ಕ ಹೇಳುತ್ತೇನೆ. ಹತ್ತು ಪೈಸೆಯ ಪೆಪ್ಪರ್‌ಮೆಂಟು ಮಾರಿ ಸಾವಿರ ರೂಪಾಯಿ ಕೂಡಿಸಬೇಕಾದರೆ ಹತ್ತು ಸಾವಿರ ಸಲ ಒಂದು ಮಗು ಅಂಗಡಿಗೆ ಬರಬೇಕು. ಆ ಹತ್ತು ಪೈಸೆಯಲ್ಲೇ ಕಾರ್ಖಾನೆ, ಲಾರಿ, ಸಗಟು ವ್ಯಾಪಾರಿ, ಪೆಟ್ಟಿಗೆ ಅಂಗಡಿ ಎಲ್ಲರಿಗೂ ಪಾಲು.

ಮುಖ ನೋಡದ ಜನ ಇಷ್ಟು ಸಣ್ಣ ಲಾಭಕ್ಕೆ ಒಬ್ಬರನ್ನೊಬ್ಬರು ಹೇಗೆ ನಂಬುತ್ತಿದ್ದರು? ಅಲ್ಲಿ ನಡುವೆ ಬರುತ್ತಿದ್ದವರು ನಾವು. ಹೊರಊರಿನ ಕಂಪನಿಗಳು ಸರಕನ್ನು ಲಾರಿಗೆ ಹಾಕಿ, ಲಾರಿ ರಸೀದಿಯನ್ನೂ ಬಿಲ್ಲನ್ನೂ ಬ್ಯಾಂಕಿಗೆ ಕಳಿಸುತ್ತಿದ್ದವು. ಸಗಟು ವ್ಯಾಪಾರಿ ನಮ್ಮಲ್ಲಿ ಹಣ ಕಟ್ಟಿ ರಸೀದಿ ಬಿಡಿಸಿಕೊಳ್ಳಬೇಕು. ಅದನ್ನು ಲಾರಿ ಆಫೀಸಿನಲ್ಲಿ ತೋರಿಸಿದರೆ ಮಾತ್ರ ಪೆಟ್ಟಿಗೆಗಳು ಕೈಗೆ. ಮುಳಬಾಗಿಲಿನಲ್ಲಿ ಹಾಗೆ ಬರುತ್ತಿದ್ದ ಒಬ್ಬ ಶೆಟ್ಟರು ನೋಟಿನ ಜತೆಗೆ ಯಾವಾಗಲೂ ಚಿಲ್ಲರೆಯ ಚೀಲಗಳನ್ನೂ ತರುತ್ತಿದ್ದರು. ಚೌಕದ ಐದು ಪೈಸೆ, ಅಂಚೆಲ್ಲ ಹೂವಿನಂತಿದ್ದ ಹತ್ತು ಪೈಸೆ. ಎಣಿಸಿ ಎಣಿಸಿ ನಮ್ಮ ಕ್ಯಾಷಿಯರ್ ಒಮ್ಮೆ ಗೊಣಗಿದರು.

"ಏನ್ ಶೆಟ್ರೇ, ನೋಟೇ ತರಬಾರದಾ?"

"ನೋಟು ಹಿಡ್ಕೊಂಡು ಪೆಪ್ಪರ್‌ಮೆಂಟಿಗೆ ಬರೋ ಮಗು ಎಲ್ಲೈತೆ ಸಾರ್?"

ಬಿ.ಕಾಂ.ನಲ್ಲಿ ಓದಿದ ವಾಣಿಜ್ಯಕ್ಕಿಂತ ಆ ಒಂದು ಮಾತಿನಲ್ಲಿ ನನಗೆ ಹೆಚ್ಚು ಅರ್ಥವಾಯಿತು. ಆ ಭಾರದ ಚೀಲಗಳಲ್ಲಿ ಇದ್ದದ್ದೆಲ್ಲ ಮಕ್ಕಳ ಬೆವರುಗೈಯ ಹಣ.

2006ರಲ್ಲಿ ನ್ಯೂಟ್ರಿನ್ ಅನ್ನು ಗೋದ್ರೆಜ್ ಸಮೂಹ ಕೊಂಡಿತು. 2007ರಲ್ಲಿ ಅಮೆರಿಕದ ಹರ್ಷೀಸ್ ಪಾಲುದಾರನಾಗಿ ಬಂತು. 2012ರಲ್ಲಿ ಗೋದ್ರೆಜ್ ತನ್ನ ಪಾಲನ್ನೂ ಅದಕ್ಕೇ ಬಿಟ್ಟುಕೊಟ್ಟಿತು. ಒಂದು ಸೋಜಿಗವೆಂದರೆ, ಹರ್ಷೀಸ್ ಕಟ್ಟಿದ ಮಿಲ್ಟನ್ ಹರ್ಷಿ ಕೂಡ ಮೊದಲು ಹಣ ಮಾಡಿದ್ದು ಹಾಲಿನ ಕ್ಯಾರಮೆಲ್ ಮಿಠಾಯಿಯಿಂದಲೇ. ಆ ಕಂಪನಿಯನ್ನು 1900ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಿ ಚಾಕಲೇಟಿಗೆ ಹೊರಳಿದ. ಮಾರುವಾಗ ಬರೀ ಯಂತ್ರಗಳಿಗೆ ಯಾರೂ ಅಷ್ಟು ಬೆಲೆ ಕೊಡುವುದಿಲ್ಲ. ಜನರ ನಾಲಿಗೆಯ ಮೇಲಿನ ಹೆಸರಿಗೆ, ಸಣ್ಣ ಊರಿನ ಅಂಗಡಿಗೂ ಸರಕು ಮುಟ್ಟಿಸುವ ವ್ಯಾಪಾರಿಗಳ ಸಾಲಿಗೆ ಬೆಲೆ. ಲೆಕ್ಕದ ಪುಸ್ತಕದಲ್ಲಿ ಇದನ್ನು ಗುಡ್‌ವಿಲ್ ಎಂದು ಬರೆಯುತ್ತೇವೆ. ಅದನ್ನು ಕೂಡಿಸಿಕೊಟ್ಟವರಲ್ಲಿ ನಮ್ಮೂರಿನ ಮಕ್ಕಳೂ ಇದ್ದರು.

2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ನಿಂತಿತು. ಈಗ ಪೆಟ್ಟಿಗೆ ಅಂಗಡಿಯಲ್ಲೂ ಫೋನಿನಿಂದಲೇ ಹಣ. ಅನುಕೂಲವೇನೋ ಹೌದು. ಆದರೆ ಫೋನು ದೊಡ್ಡವರ ಕೈಯಲ್ಲಿರುತ್ತದೆ. ಯಾವ ಭರಣಿ ಎಂದು ಬೆರಳು ತೋರಿಸುವವರೂ ಈಗ ಅವರೇ. ಹತ್ತು ಪೈಸೆ ಹಿಡಿದ ಮಗು ಹತ್ತು ನಿಮಿಷ ಯೋಚಿಸಿ, ಒಂದನ್ನು ಆರಿಸಿ, ಉಳಿದದ್ದನ್ನು ಬಿಟ್ಟು ಬರುತ್ತಿತ್ತು. ದುಡ್ಡಿನ ಮೊದಲ ಪಾಠ ಅದು. ಯಾವ ಬ್ಯಾಂಕೂ ಕಲಿಸುವುದಿಲ್ಲ.

ಅದಕ್ಕೇ ಪ್ರತಿ ಭಾನುವಾರ ಮೊಮ್ಮಗಳ ಕೈಗೆ ಒಂದು ರೂಪಾಯಿಯ ಐದು ನಾಣ್ಯ ಇಡುತ್ತೇನೆ. ಅಂಗಡಿಗೆ ಅವಳೇ ಹೋಗಬೇಕು, ಅವಳೇ ಆರಿಸಬೇಕು. ನನಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.